ಎಪ್ಪತ್ತು ವರ್ಷದ ಹೊಸ ತಂಬೂರಿ

ಮೇ ೬

ನುಜಹತಳ ಐದನೆಯ ತಂಬೂರಿ ತಬಲಿ ಮುಚ್ಚುವ ಹಂತಕ್ಕೆ ಬಂದಿದೆ. ಸೋರೆ ಬುರುಡೆಯ ಬಾಯಿಗೆ ಕೂರಿಸುವ ಆ ತೆಳುಹಲಗೆಯನ್ನು ಅವಳು ಇಂದು ಬೆಳಕಿಗೆ ಹಿಡಿದು ನೋಡುತ್ತ, ಬೆರಳಿನಿಂದ ತಟ್ಟಿ ಕೇಳುತ್ತ, ಮತ್ತೆ ಒಂದೆರಡು ಎಳೆ ಹೆರೆಯುತ್ತ ಮಧ್ಯಾಹ್ನದ ಊಟವನ್ನೇ ಮರೆತಳು. ನಾನು ಅಡ್ಡಬಾಯಿ ಹಾಕದೆ ನೋಡುತ್ತ ಕುಳಿತಿದ್ದೆ. ಶಿಗ್ಗಾವಿಯ ಪ್ರೌಢಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಮಕ್ಕಳಿಗೆ ಮರಗೆಲಸ ಕಲಿಸಿದ್ದೇನೆ. ನಿವೃತ್ತನಾಗಿ ಸವಣೂರಿಗೆ ಮರಳಿ, ಮನೆಯ ಮುಂಭಾಗದಲ್ಲಿ ಅಪ್ಪನ ತಂಬೂರಿ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡು ಏಳು ವರ್ಷವಾಯಿತು. ಇಷ್ಟು ಕಾಲದಲ್ಲಿ ಇಂಥ ಕೈಯನ್ನು ನಾನು ಕಂಡದ್ದು ಒಂದೇ. ಇಪ್ಪತ್ತಮೂರು ವರ್ಷದ ಈ ಹುಡುಗಿ ಐದು ವರ್ಷದಿಂದ ಬರುತ್ತಿದ್ದಾಳೆ. ಮಾತು ಕಡಿಮೆ, ಗಮನ ಹೆಚ್ಚು.

ಅಪ್ಪನ ಕಾಲದಿಂದ ನಮ್ಮಲ್ಲಿ ಒಂದು ಪದ್ಧತಿ ಉಂಟು. ತಬಲಿಯನ್ನು ಅಂಟಿಸುವ ಮೊದಲು ಅದರ ಒಳಮೈಯಲ್ಲಿ ಮಾಡಿದವರ ಹೆಸರನ್ನು ಪೆನ್ಸಿಲಿನಿಂದ ಬರೆಯುವುದು. ಮುಚ್ಚಿದ ಮೇಲೆ ಅದು ಯಾರಿಗೂ ಕಾಣದು. ನುಜಹತ ಮಾಡಿದ ಮೊದಲ ನಾಲ್ಕರಲ್ಲಿ ನನ್ನ ಹೆಸರಿದೆ. ಕಲಿಯುವವರ ಕೆಲಸ ಕಲಿಸಿದವರ ಹೆಸರಿನಲ್ಲಿ ಹೋಗುವುದು ರೂಢಿ. ಐದನೆಯದು ನಿನ್ನದು ಎಂದು ಮಾತು ಕೊಟ್ಟಿದ್ದೇನೆ. ಅವಳು ಆ ಪೆನ್ಸಿಲನ್ನು ಇಂದೇ ಚೂಪು ಮಾಡಿ ಕಿಟಕಿಯ ಮೇಲಿಟ್ಟಿದ್ದಳು.

ಸಂಜೆ ಹುಬ್ಬಳ್ಳಿಯ ವಾದ್ಯವ್ಯಾಪಾರಿ ಆನಂದ ಬಂದಿದ್ದ. ತಂಬೂರಿಯ ನೀಳ ದಂಡಿಯ ಮೇಲೆ ಕೈಯಾಡಿಸಿ, "ಕೆಲಸ ಚಲೋ ಐತ್ರಿ ಸರ. ಆದ್ರ ಹೊಸಾದು ಯಾರಿಗಿ ಬೇಕ್ರಿ? ಮಂದಿ ಹಳೇದು ಕೇಳ್ತಾರ. ಎಪ್ಪತ್ತು ವರ್ಸದ್ದು ಕಂಡಂಗ ಮಾಡಿಕೊಡ್ರಿ, ವರ್ಸಕ್ಕ ಆರು ಒಯ್ತೇನಿ" ಎಂದ.

"ನಿನ್ನೆ ಮಾಡಿದ್ದು ಎಪ್ಪತ್ತು ವರ್ಸದ್ದು ಹೆಂಗ ಕಾಣ್ತೈತಿ?"

"ಹೊಸಾ ಪ್ಯಾಂಟ್ ಹರಕೊಂಡು ಹಾಕೊಳ್ಳೂದಿಲ್ಲೇನ್ರಿ ಈಗಿನ ಹುಡುಗ್ರು? ಹಂಗ."

ಫೋನಿನಲ್ಲಿ ಗಿಟಾರುಗಳ ಚಿತ್ರ ತೋರಿಸಿದ. ಹೊರದೇಶದಲ್ಲಿ ಹೊಚ್ಚ ಹೊಸ ಗಿಟಾರಿನ ಬಣ್ಣ ಕೆದರಿ, ಅಂಚು ಸವೆಸಿ, ಹೀಗೆ ಮಾಡಿದ್ದೇವೆಂದು ಹೇಳಿಯೇ ಮಾರುತ್ತಾರಂತೆ. ಬಳಿಕ ನುಜಹತಳತ್ತ ತಿರುಗಿ, "ನೀ ಏನಂತೀಯವಾ?" ಎಂದ. ಅವಳು ಸಂಕೋಚದವಳು; ಇಂಥ ಪ್ರಶ್ನೆಗಳಿಗೆ ನಾನೇ ಉತ್ತರಿಸುವುದು ವಾಡಿಕೆ. "ಅಕಿಗೂ ಬ್ಯಾಡ, ನಂಗೂ ಬ್ಯಾಡ" ಎಂದು ಕಳುಹಿಸಿದೆ.

ಮೇ ೯

ಒಂದೆಡೆ ಕುಳಿತಿರಲು ಆಗುತ್ತಿಲ್ಲ. ಆನಂದ ಕಳುಹಿಸಿದ ಚಿತ್ರಗಳನ್ನು ತಪ್ಪು ಹುಡುಕುವುದಕ್ಕೆಂದೇ ಮತ್ತೆ ಮತ್ತೆ ನೋಡಿದೆ. ತಪ್ಪು ಸಿಕ್ಕಿತು ಕೂಡ. ಅವರು ಬಣ್ಣವನ್ನು ಎಲ್ಲ ಕಡೆಗೂ ಸಮನಾಗಿ ಕೆದರಿದ್ದಾರೆ. ಹಳೆಯ ವಾದ್ಯ ಹಾಗೆ ಸವೆಯುವುದಿಲ್ಲ. ಕೈ ಹೋದಲ್ಲಿ ಸವೆಯುತ್ತದೆ. ಕೈ ಹೋಗದ ಮೂಲೆಯಲ್ಲಿ ಮೊದಲ ದಿನದ ಹೊಳಪು ಹಾಗೆಯೇ ಉಳಿಯುತ್ತದೆ. ನನ್ನ ಕೈಯಲ್ಲಿ ದುರಸ್ತಿಗೊಂಡ ನೂರಾರು ತಂಬೂರಿಗಳು ನನಗೆ ಇದನ್ನು ಕಲಿಸಿವೆ. ಮಾಡುವುದೇ ಆದರೆ ಹೇಗೆ ಮಾಡಬೇಕೆಂಬುದನ್ನು ನನಗಿಂತ ಬಲ್ಲವರು ಈ ಸೀಮೆಯಲ್ಲಿ ಇರಲಾರರು. ಮಾಡುವುದಿಲ್ಲ, ಆ ಮಾತು ಬೇರೆ.

ಮಡದಿ ಸುಶೀಲವ್ವ ಕರಿದ ಖಾರದ ಮೂರನೆಯ ಪೊಟ್ಟಣವನ್ನು ನನ್ನ ಕೈಯಿಂದ ಇಸಿದುಕೊಂಡಳು. "ಮುಂಜಾನಿಂದ ಮೂರು ಸಲ ಬಸ್‌ಸ್ಟ್ಯಾಂಡಿಗಿ ಹೋದ್ರಿ. ಯಾರ್ನರ ಕರಕೊಂಡು ಬರಾಕೋ, ಬಸ್ಸು ಎಣಸಾಕೋ?"

"ಖಾರ ತರಾಕ."

"ಹಂಗಾರ ನಾಳಿಗಿ ಒಂದು ಅಂಗಡೀನ ಇಟ್ಟಬಿಡ್ರಿ. ತಂಬೂರಿ ನುಜಹತ ನೋಡ್ಕೋತಾಳ."

ಮೇ ೧೪

ಒಪ್ಪಿಕೊಂಡೆ. ಕಾರಣಗಳನ್ನು ಇಲ್ಲಿ ಬರೆದಿಡುವುದು ಒಳ್ಳೆಯದು.

ವರ್ಷಕ್ಕೆ ಆರು ತಂಬೂರಿ ಹೋಗುವುದಾದರೆ ನುಜಹತಳೊಡನೆ ಇನ್ನಿಬ್ಬರನ್ನು ಕಲಿಸಬಹುದು. ಕಲಿತವರಿಗೆ ಕೆಲಸವಿಲ್ಲದಿದ್ದರೆ ಕಲಿಸಿದ್ದು ವ್ಯರ್ಥ. ಅಲ್ಲದೆ ಇದು ಬಣ್ಣದ ಮಾತು ಮಾತ್ರ, ದನಿಯಲ್ಲಿ ಮೋಸವಿಲ್ಲ. ಹೊಸದೆಂದು ಹೇಳಿಯೇ ಮಾರುವೆನೆಂದು ಆನಂದ ಒಪ್ಪಿದ್ದಾನೆ. ಒಂದೇ ಷರತ್ತು, ಒಳಗೆ ಹೆಸರು ಇರಕೂಡದು. "ಹಳೇ ತಂಬೂರಿ ಬಿಚ್ಚಿದ್ರ ನಿನ್ನಿ ಬರದ ಪೆನ್ಸಿಲ್ ಕಂಡ್ರ ಹೆಂಗ್ರಿ?" ಎಂದ. ಹೊಸದೆಂದು ಹೇಳಿ ಮಾರುವವನಿಗೆ ಅದರ ಚಿಂತೆ ಏಕೆಂದು ಕೇಳಬೇಕಿತ್ತು. ಅವನು ಹೋದ ಮೇಲೆ ಹೊಳೆಯಿತು.

ನುಜಹತಳಿಗೆ, "ಇದೊಂದು ಬಿಡು. ಮುಂದಿಂದ್ರಾಗ ಬರಿ" ಎಂದೆ.

"ಹೂಂ ಸರ" ಎಂದಳು. ತಬಲಿಯನ್ನು ಹಾಗೆಯೇ ಅಂಟಿಸಿ, ಹಗ್ಗ ಬಿಗಿದು, ಮೂಲೆಯಲ್ಲಿ ಒಣಗಲು ಇಟ್ಟಳು. ಮುಖದಲ್ಲಿ ಏನೂ ಕಾಣಲಿಲ್ಲ. ಅವಳ ಒಳ್ಳೆಯ ಗುಣವೇ ಅದು. ಸಣ್ಣ ವಿಷಯವನ್ನು ದೊಡ್ಡದು ಮಾಡುವವಳಲ್ಲ.

ಮೇ ೨೦

ಎಷ್ಟೋ ವರ್ಷಗಳಿಂದ ಇಷ್ಟು ಹುರುಪು ನನ್ನಲ್ಲಿ ಇರಲಿಲ್ಲ. ಅರಗಿನ ಪಾಲಿಶಿನ ಹೊಳಪನ್ನು ಮೊದಲು ಬೂದಿಯಿಂದ ಉಜ್ಜಿ ಇಳಿಸಿದೆವು. ಎಲೆ ಅಂಗಡಿಯಿಂದ ಕಾಚು ತಂದು, ಕುದಿಸಿ, ಒಂದು ಚಿಟಿಕೆ ಸುಣ್ಣ ಹಾಕಿದಾಗ ಬಂದ ಕಂದುಗೆಂಪು ನೋಡಿ ನುಜಹತಳೂ ಬೆರಗಾದಳು. ಕೀಲಿಗೊಂಚಲಿನಿಂದ ಬುರುಡೆಯ ತಳಕ್ಕೆ ಮೆಲ್ಲಗೆ ಬಡಿದರೆ ನೆಲಕ್ಕಿಟ್ಟು ಎತ್ತಿದ ಗಾಯಗಳು ಮೂಡುತ್ತವೆ. ಬಳ್ಳಿಯ ಕೆತ್ತನೆಯ ಸಂದಿಗೆ ಎಣ್ಣೆ, ಧೂಳು, ಒಂದಿಷ್ಟು ವಿಭೂತಿ; ಭಜನೆಯ ಮನೆಯ ವಾದ್ಯವೆಂದರೆ ವಿಭೂತಿ ಇರಲೇಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ಲೋಬಾನದ ಹೊಗೆ ಹಿಡಿಸಿದೆವು.

"ಸಾವಕಾಶ. ನೀ ವಯಸ್ಸು ಹಚ್ಚಬ್ಯಾಡ, ಅದು ತಾನ ಬಂದು ಕುಂದ್ರಬೇಕು" ಎಂದು ಹೇಳಿಕೊಟ್ಟೆ.

"ನಮ್ಮ ಅಕ್ಕಾಗ ಇದನ್ನ ತೋರಿಸ್ಬೇಕ್ರಿ ಸರ. ಅಕಿ ಸಣ್ಣಾಕಿ ಕಾಣಾಕ ಎಷ್ಟು ಒದ್ದಾಡ್ತಾಳ, ನಾವು ಮುದುಕಿ ಮಾಡಾಕ ಒದ್ದಾಡಾಕತ್ತೇವಿ."

ಇಬ್ಬರೂ ನಕ್ಕೆವು.

ಮೇ ೨೪

ಒಂದು ಕೊರತೆ ಕಾಡುತ್ತಿತ್ತು. ದಂಡಿಯ ಪಕ್ಕ ತೀರ ನುಣುಪಾಗಿದೆ, ಯಾರೂ ಬಾರಿಸದ ಹಾಗೆ. ಹಾನಗಲ್ಲಿನಿಂದ ಒಮ್ಮೆ ದುರಸ್ತಿಗೆ ಬಂದಿದ್ದ ಒಂದು ತಂಬೂರಿ ನೆನಪಾಯಿತು. ಅದನ್ನು ಬಾರಿಸುತ್ತಿದ್ದವರು ಹೆಂಗಸು. ಮಣಿಕಟ್ಟು ತಾಗುವಲ್ಲಿ ಬಳೆಗಳು ಎಳೆದ ನವಿರು ಗೀರುಗಳು, ಒಂದರ ಮೇಲೊಂದು, ಬೆರಳ ಉದ್ದಕ್ಕೆ. ನಾನು ಕಂಡ ಸವೆತಗಳಲ್ಲೆಲ್ಲ ಅದೇ ಅತ್ಯಂತ ಚೆಲುವಾದದ್ದು.

ಉಳಿಯಿಂದ ಗೀಚಿದರೆ ಅದು ಬಾರದು. ಗಾಜಿನ ಬಳೆ ತೊಟ್ಟು ದಿನಕ್ಕೆ ಎರಡು ತಾಸು ಬಾರಿಸು ಎಂದು ನುಜಹತಳಿಗೆ ಹೇಳಿದೆ. ಅವಳು ಒಂದು ಡಜನ್ ಹಸಿರು ಬಳೆ ಹಾಕಿಕೊಂಡು ಕುಳಿತಳು. ಸುಶೀಲವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ಕೇಳಿದಳು.

ಜೂನ್ ೩

ಆನಂದ ಬಂದು ಒಯ್ದ. ಬಕ್ರೀದಿನ ಎರಡು ದಿನ ಬಿಟ್ಟರೆ ಅವಳು ಎಂಟು ದಿನ ಬಾರಿಸಿದ್ದಾಳೆ. ಗೀರುಗಳು ನಾನು ನೆನೆದುದಕ್ಕಿಂತ ಚೆನ್ನಾಗಿ ಮೂಡಿವೆ. ಆಟೋದಲ್ಲಿ ಇಡುವಾಗ ನುಜಹತ ಹಳೆಯ ಸೀರೆಯೊಂದನ್ನು ತಂದು ಬುರುಡೆಗೆ ಸುತ್ತಿದಳು. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲಲ್ಲೇ ಇದ್ದಳು. ನಾನು ಒಳಗೆ ಬಂದು ಆರನೆಯದಕ್ಕೆ ಕಟ್ಟಿಗೆ ಆರಿಸತೊಡಗಿದೆ.

ಜೂನ್ ೧೭

ಹಿರೇಕೆರೂರು ತಾಲ್ಲೂಕಿನ ಅಬಲೂರಿನಿಂದ ಮಂಜುಳಾ ಎಂಬ ಶಿಕ್ಷಕಿಯ ಫೋನು ಬಂದಿತ್ತು. ಹಳೆಯ ತಂಬೂರಿಯೊಂದರ ಜೀವಾಳಿ ಹೋಗಿ ಝೇಂಕಾರ ನಿಂತಿದೆ, ನೀವು ದುರಸ್ತಿಗೆ ಹೆಸರಾದವರಂತೆ, ಬರಬೇಕು ಎಂದರು. ಮುಂಜಾನೆಯ ಬಸ್ಸಿಗೆ ಹೊರಟು ಅಬಲೂರು ತಲುಪುವಾಗ ಹನ್ನೊಂದಾಗಿತ್ತು.

ಪಡಸಾಲೆಯಲ್ಲಿ, ಕೌದಿಯ ಮೇಲೆ, ಕೊರಳಿಗೆ ಹೂಮಾಲೆ ಹಾಕಿಸಿಕೊಂಡು ನಮ್ಮ ತಂಬೂರಿ ಒರಗಿತ್ತು.

"ನಮ್ಮ ಅಜ್ಜಾರದರಿ" ಎಂದರು ಮಂಜುಳಾ. ಅವರ ಅಜ್ಜ ಚನ್ನವೀರಪ್ಪನವರು ಈ ಊರಿನ ಭಜನಾ ಮಂಡಳಿಯನ್ನು ನಲವತ್ತು ವರ್ಷ ನಡೆಸಿದವರಂತೆ. ಅವರು ತೀರಿಕೊಂಡ ಮೇಲೆ ತಂಬೂರಿಯನ್ನು ಯಾರೋ ಕೇಳಿ ಒಯ್ದರು, ಮರಳಿ ಬರಲಿಲ್ಲ. ಹತ್ತು ವರ್ಷದಿಂದ ಮಂಜುಳಾ ಹುಡುಕುತ್ತಿದ್ದರು. ಹುಬ್ಬಳ್ಳಿಯ ಒಬ್ಬರು ಪತ್ತೆ ಹಚ್ಚಿ ತಂದುಕೊಟ್ಟರಂತೆ.

ಅವರು ಮುಂದುವರಿದರು. "ಆದ್ರ ಇಲ್ನೋಡ್ರಿ. ಬಳಿ ಗೀರು. ನಮ್ಮ ಅಜ್ಜಾರು ಬಳಿ ತೊಡ್ತಿದ್ರೇನ್ರಿ?" ಎಂದು ನಕ್ಕರು. ನಗುತ್ತಿದ್ದವರ ಕಣ್ಣು ತುಂಬಿತು. "ಇದು ನಮ್ಮ ಅಜ್ಜಿ ನೀಲವ್ವಂದರಿ. ಆವಾಗ ಹೆಣ್ಮಕ್ಕಳು ಭಜನಿಯೊಳಗ ಕುಂದ್ರೂವಂಗಿರಲಿಲ್ಲ, ಹೊರಗ ಕುಂತು ಕೇಳ್ಬೇಕು. ಎಲ್ಲಾರೂ ಹೊಲಕ್ಕ ಹೋದ ಮ್ಯಾಲ ಒಬ್ಬಾಕೀನ ಬಾರಿಸ್ತಿದ್ಲು ಕಾಣತೈತಿ. ಇಷ್ಟು ವರ್ಸ ಯಾರೂ ನಂಗ ಹೇಳಿದ್ದಿಲ್ಲ. ಇದು ಹೇಳ್ತು."

ನಾನು ತಂತಿಗಳ ಕೆಳಗೆ ನೂಲಿನ ಎಳೆ ಸರಿಸಿ ಜೀವಾಳಿ ಕೂರಿಸಿದೆ. "ಎಷ್ಟು ವರ್ಸದ್ದು ಇರಬಹುದ್ರಿ ಸರ, ನಿಮ್ಮ ಕಣ್ಣಿಗಿ?" ಎಂದು ಕೇಳಿದರು. "ಕಟ್ಟಿಗಿ ಭಾಳ ಚಲೋ ಐತಿ" ಎಂದೆ. ಚಹಾ ಕೊಟ್ಟರು. ಕುಡಿದೆ. ದುರಸ್ತಿಗೆ ಏನೂ ತೆಗೆದುಕೊಳ್ಳದೆ ಬಂದೆ. ಅದನ್ನು ಅವರು ದೊಡ್ಡತನವೆಂದು ತಿಳಿದರು.

ಜೂನ್ ೧೮

ಸತ್ಯ ಹೇಳಿ ಯಾರಿಗೆ ಉಪಕಾರವಾಗುತ್ತಿತ್ತು? ಆ ಹೆಣ್ಣುಮಗಳಿಗೆ ಅಜ್ಜಿ ಸಿಕ್ಕಿದ್ದಾಳೆ.

ಜೂನ್ ೧೯

ಬುರುಡೆ ನೋಡುವ ನೆಪದಲ್ಲಿ ಹಾನಗಲ್ಲಿಗೆ ಹೋದೆ. ಬುರುಡೆ ನೋಡಲಿಲ್ಲ. ಅಕ್ಕಿಆಲೂರಿಗೆ ಬಸ್ಸು ನಿಂತಿತ್ತು, ಹತ್ತಿದೆ. ಅಲ್ಲಿ ಅಕ್ಕಿಗಿರಣಿಯ ಎದುರು ಅರ್ಧ ತಾಸು ನಿಂತು ಮತ್ತೊಂದು ಬಸ್ಸು ಹಿಡಿದು ಬಂದೆ. ಆನಂದನಿಗೆ ನಾಲ್ಕು ಸಲ ಫೋನು ಮಾಡಿದರೂ ಎತ್ತಲಿಲ್ಲ.

ಜೂನ್ ೨೩

ಆನಂದ ತಾನಾಗಿಯೇ ಫೋನು ಮಾಡಿದ. ನಾನು ಅಂಟು ಕಲಸುತ್ತಿದ್ದೆ. ಕೈ ಕೊಳೆಯಾಗಿದ್ದರಿಂದ ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟಿದ್ದೆ.

"ಸರ, ಅಬಲೂರಾಗ ಆ ಬಳಿ ಗೀರು ಎಂಥಾ ಕೆಲಸ ಮಾಡ್ತಂತೀರಿ. ಅಕ್ಕಾರು ಅಜ್ಜೀದು ಅಂತ ಅತ್ತಬಿಟ್ರು. ನಾ ಏನೂ ಹೇಳಬೇಕಾಗಲೇ ಇಲ್ಲ. ಮುಂದಿನ ಆರಕ್ಕೂ ಹಂಗ ಹಾಕ್ರಿ."

"ಹೊಸಾದು ಅಂತ ಹೇಳಿ ಮಾರ್ತೇನಿ ಅಂದಿದ್ದಿ."

"ನೀವೂ ಹೋಗಿದ್ರಲ್ರಿ ದುರಸ್ತಿಗಿ. ನೀವು ಹೇಳಿದ್ರೇನು?"

ಫೋನು ಇಟ್ಟು ತಿರುಗಿದಾಗ ನುಜಹತ ಉಳಿಯನ್ನು ಕೆಳಗಿಟ್ಟಿದ್ದಳು.

"ಎಲ್ಲಿಗಿ ಹೋಗೇತ್ರಿ ಸರ ನನ್ನ ತಂಬೂರಿ?"

ಹೇಳಿದೆ. ಅಜ್ಜ, ಅಜ್ಜಿ, ಹೂಮಾಲೆ, ಎಲ್ಲವನ್ನೂ. ಹೇಳುತ್ತ ಹೇಳುತ್ತ ನನ್ನ ಕಾರಣಗಳನ್ನೂ ಹೇಳಿದೆ. ಅವಳ ಸಲುವಾಗಿ, ಮುಂದೆ ಬರುವ ಮಕ್ಕಳ ಸಲುವಾಗಿ ಎಂದೆ. ಅವಳು ಕೇಳಿಸಿಕೊಂಡಳು. ನಂತರ ತನ್ನ ಉಪಕರಣಗಳನ್ನು ಒರೆಸಿ, ಒಂದೊಂದನ್ನೂ ಅದರ ಜಾಗದಲ್ಲಿಟ್ಟು, "ಬರ್ತೇನ್ರಿ" ಎಂದು ಹೋದಳು. ಗಂಟೆ ಇನ್ನೂ ಮೂರು.

ಜೂನ್ ೨೭

ನಾಲ್ಕು ದಿನವಾಯಿತು. ಮೊಹರಂ ಹಬ್ಬಕ್ಕೆಂದು ಬಂದಿಲ್ಲವೆಂದು ತಿಳಿದಿದ್ದೆ. ನಿನ್ನೆಗೆ ಹಬ್ಬ ಮುಗಿಯಿತು. ಇಂದು ಅವರ ಮನೆಗೆ ಹೋದೆ.

ಬಾಗಿಲು ತೆರೆದವರು ಅವಳ ತಾಯಿ ಇಮಾಮಬಿ. ಗಂಡ ಶೇಖಸಾಬರು ತೀರಿಕೊಂಡ ಮೇಲೆ ವೀಳ್ಯದೆಲೆಯ ತೋಟದಲ್ಲಿ ಎಲೆಗಳ ಕವಳೆ ಕಟ್ಟಿ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದವರು. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಆಮೇಲೆ ನೇರವಾಗಿ ಮಾತಿಗೆ ಬಂದರು.

"ಶಿಗ್ಗಾವ್ಯಾಗ ಹೊಲಿಗಿ ಕೆಲಸ ಸಿಕ್ಕೈತ್ರಿ ಅಕಿಗೆ. ಒಂದನೇ ತಾರೀಖಿಗಿ ಸೇರ್ಬೇಕು."

"ಇಂಥಾ ಕೈ ಹೊಲಿಗಿಗಿ ಹಾಕಬ್ಯಾಡ್ರಿ ಇಮಾಮಬಿ."

"ಐದು ವರ್ಸ ಆತ್ರಿ ಸರ. ಮಂದಿ ಕೇಳ್ತಾರ, ನಿನ್ನ ಮಗಳು ಏನ ಮಾಡ್ತಾಳ ಅಂತ. ತಂಬೂರಿ ಮಾಡ್ತಾಳ ಅಂತೇನಿ. ಎಲ್ಲೈತಿ ತೋರಸು ಅಂತಾರ. ಏನ ತೋರಸ್ಲಿ? ನಾಕು ನಿಮ್ಮ ಹೆಸರಿಲೆ ಹೋದ್ವು. ಒಂದು ಸತ್ತ ಮುದಕನ ಹೆಸರಿಲೆ ಹೋತು."

ನುಜಹತ ಒಳಗಿನ ಬಾಗಿಲ ಬಳಿ ನಿಂತಿದ್ದಳು. ಆರನೆಯದರಲ್ಲಿ ಖಂಡಿತ ನಿನ್ನ ಹೆಸರು ಎಂದೆ.

"ಆರನೇದು ನಂಗ ಬ್ಯಾಡ್ರಿ ಸರ. ಐದನೇದು ನಂದು. ಅದು ನಂದು ಅಂತ ಅವರಿಗೆ ಗೊತ್ತಾಗ್ಬೇಕು. ನಾ ಅಬಲೂರಿಗಿ ಹೋಗ್ತೇನಿ. ನೀವು ಬರ್ತೀರೋ ಇಲ್ಲೋ ನೋಡ್ರಿ."

ಐದು ವರ್ಷದಲ್ಲಿ ಅವಳು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಇದೇ ಮೊದಲು. ನಾಡಿದ್ದು ಬೆಳಗಿನ ಬಸ್ಸಿಗೆ ಬರುತ್ತೇನೆಂದೆ. ಮನೆಗೆ ಬಂದು ಸುಶೀಲವ್ವನಿಗೆ ಹೇಳಿದಾಗ ಅವಳು, "ಖಾರ ತರಾಕ ಹೋಗಿದ್ರಿ ಅಂತ ಮಾಡಿದ್ದೆ" ಎಂದಷ್ಟೇ ಅಂದಳು.

ಜೂನ್ ೨೯

ದಾರಿಯುದ್ದಕ್ಕೂ ಏನು ಹೇಳಬೇಕೆಂಬುದನ್ನು ಜೋಡಿಸಿಕೊಂಡಿದ್ದೆ. ಮೊದಲು ಕ್ಷಮೆ, ನಂತರ ಆನಂದನ ವಿಷಯ, ಕೊನೆಗೆ ನುಜಹತಳ ಪ್ರತಿಭೆ. ಮಂಜುಳಾ ಅವರ ಪಡಸಾಲೆಯಲ್ಲಿ ಕುಳಿತು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ನುಜಹತ ಹೇಳಿಬಿಟ್ಟಿದ್ದಳು.

"ಅಕ್ಕಾರ, ಈ ತಂಬೂರಿ ನಾ ಮಾಡಿದ್ದರಿ. ಈ ವರ್ಸ ಮಾಡಿದ್ದು. ಬಳಿ ಗೀರು ನನ್ನ ಬಳೀದು."

ಮಂಜುಳಾ ನನ್ನತ್ತ ನೋಡಿದರು, ಹುಡುಗಿಗೆ ಬುದ್ಧಿ ಸರಿಯಿದೆಯೇ ಎಂದು ಕೇಳುವಂತೆ. ನಾನು ತಲೆ ತಗ್ಗಿಸಿದೆ. ನುಜಹತ ಎದ್ದು ತಂಬೂರಿಯನ್ನು ತೊಡೆಗೆ ತೆಗೆದುಕೊಂಡಳು. ಅವಳ ಮಣಿಕಟ್ಟು ಹೋಗಿ ಗೀರುಗಳ ಮೇಲೆ ಕುಳಿತಿತು. ಒಂದು ಸಲ ಮೀಟಿದಳು. ಗಾಜಿನ ಬಳೆಗಳು ಹಳೆಯ ಗೆರೆಯಲ್ಲೇ ಸರಿದವು.

"ಹಂಗಾರ ನಮ್ಮ ಅಜ್ಜಿ?" ಎಂದರು ಮಂಜುಳಾ.

"ನಂಗ ಗೊತ್ತಿಲ್ಲರಿ ಅಕ್ಕಾರ. ಬಾರಿಸಿರಬಹುದು. ಆದ್ರ ಇದನ್ನಲ್ಲ."

ಮಂಜುಳಾ ಎದ್ದು ಒಳಗೆ ಹೋದರು. ಮರಳಿ ಬಂದಾಗ ಮುಖ ತೊಳೆದುಕೊಂಡಿದ್ದರು. ನುಜಹತಳನ್ನು ಬಿಟ್ಟು ನನ್ನನ್ನು ಕೇಳಿದರು: "ಆವತ್ತು ನೀವು ಇಲ್ಲೇ ಕುಂತು ಚಾ ಕುಡದ್ರಿ. ಆವಾಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ನಾ ಅಳಾಕತ್ತಿದ್ದೆ."

"ಹೌದ್ರಿ."

ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ತಂಬೂರಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ನೀವು ಕೊಟ್ಟ ಹಣವನ್ನು ನಾನೇ ತುಂಬಿಕೊಡುತ್ತೇನೆ ಎಂದೆ. ಅವರು ಕೈ ಅಡ್ಡ ಮಾಡಿದರು. "ಮಂಡಳಿ ಮಂದಿ ಎಲ್ಲಾ ಇದಕ್ಕ ಕೈ ಮುಗದಾರ. ಬರೂ ಸೋಮವಾರ ಭಜನಿ ಐತಿ. ಬಂದು ಅವರ ಮುಂದ ನೀವ ಹೇಳ್ರಿ. ನಿಮ್ಮ ಪರವಾಗಿ ನಾ ಹೇಳಂಗಿಲ್ಲ, ಈ ಹುಡುಗೀನೂ ಹೇಳಂಗಿಲ್ಲ."

ಹೊರಡುವಾಗ ನುಜಹತಳನ್ನು ನಿಲ್ಲಿಸಿ, "ದನಿ ಎಲ್ಲಿಂದ ತಂದಿ ನೀನು?" ಎಂದು ಕೇಳಿದರು. ನುಜಹತ ತಬಲಿಯ ಹೆರೆತದ ವಿಷಯ ಹೇಳಿದಳು, ಅಂಚಿನಲ್ಲಿ ಎಷ್ಟು ತೆಳು, ನಡುವೆ ಎಷ್ಟು ದಪ್ಪ ಎಂದು. ನಾನು ಹೊರಗೆ ಕಟ್ಟೆಯ ಮೇಲೆ ಕುಳಿತು ಚಪ್ಪಲಿ ಹಾಕಿಕೊಂಡೆ. ಅವರ ಮಾತು ಮುಗಿಯಲು ಬಹಳ ಹೊತ್ತು ಹಿಡಿಯಿತು.

ಬಸ್ಸಿನಲ್ಲಿ, ಶಿಗ್ಗಾವಿ ದಾಟಿದ ಮೇಲೆ, "ಬುಧವಾರದಿಂದ ಹೊಲಿಗಿಗಿ ಹೋಗ್ತೇನ್ರಿ ಸರ" ಎಂದಳು. ಹೂಂ ಎಂದೆ.

ಜುಲೈ ೧

ಹೋದಳು. ಏಳೂವರೆಯ ಬಸ್ಸು.

ಜುಲೈ ೩

ಕೆಲಸದ ಜಾಗವನ್ನು ಎರಡು ಸಲ ಗುಡಿಸಿದೆ. ಕಿಟಕಿಯ ಮೇಲಿನ ಧೂಳು ಒರೆಸಿದೆ. ಆರನೆಯದರ ದಂಡಿಗೆ ಉಳಿ ಹಿಡಿದೆ, ಆದರೆ ಅವಳು ಹಾಕಿದ ಗುರುತು ಎಲ್ಲಿಯವರೆಗೆ ಹೋಗಬೇಕೆಂಬುದು ತಿಳಿಯಲಿಲ್ಲ. ಕೇಳಿ ಮಾಡುವುದು ಒಳ್ಳೆಯದೆಂದು ಬಿಟ್ಟೆ. ಆನಂದನಿಗೆ ಇನ್ನು ಮುಂದೆ ಬರಬೇಡವೆಂದು ಹೇಳಿ, ಅಬಲೂರಿನಲ್ಲಿ ನಡೆದುದನ್ನೂ ತಿಳಿಸಿದೆ. "ನಿಮ್ಮ ಹೆಸರು ನೀವ ಕೆಡಿಸ್ಕೊಳ್ಳಾಕತ್ತೀರಿ ಸರ" ಎಂದ. ಇರಬಹುದು. ಈ ನಾಲ್ಕು ತಾಲ್ಲೂಕಿನಲ್ಲಿ ಹಳೆಯ ವಾದ್ಯದ ವಯಸ್ಸು ಕೇಳಲು ಜನ ನನ್ನ ಬಳಿಗೆ ಬರುತ್ತಿದ್ದರು.

ಜುಲೈ ೬

ಅಬಲೂರು. ಒಬ್ಬನೇ ಹೋಗಿದ್ದೆ. ಮಂಜುಳಾ ಅವರೇ ಉಳಿದುಕೊಳ್ಳಲು ಹಾಸಿಗೆ ಕೊಟ್ಟಿದ್ದಾರೆ. ಪಡಸಾಲೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ.

ಸಂಜೆ ಆರಕ್ಕೆ ಮಂಡಳಿಯ ಕೋಣೆ ತುಂಬಿತ್ತು. ಇಪ್ಪತ್ತು ಮಂದಿ ಇದ್ದಿರಬೇಕು, ಅರ್ಧಕ್ಕರ್ಧ ಹೆಂಗಸರು. ಮಂಜುಳಾ ನನ್ನನ್ನು ಪರಿಚಯಿಸಲಿಲ್ಲ. "ಸರ ಏನೋ ಹೇಳ್ತಾರ" ಎಂದು ಕುಳಿತುಬಿಟ್ಟರು. ನಿಂತುಕೊಂಡೆ. ಈ ತಂಬೂರಿ ಚನ್ನವೀರಪ್ಪನವರದಲ್ಲ, ಎರಡು ತಿಂಗಳ ಹಿಂದಿನದು, ಹಳೆ ಬಣ್ಣ ಹಚ್ಚಿಸಿದವನು ನಾನು, ಗೊತ್ತಿದ್ದೂ ಮುಚ್ಚಿಟ್ಟವನು ನಾನು ಎಂದೆ.

ಯಾರೂ ಕೂಗಾಡಲಿಲ್ಲ. ಹಾರ್ಮೋನಿಯಂ ಮುಂದೆ ಕುಳಿತಿದ್ದ ಹಿರಿಯರೊಬ್ಬರು ನನ್ನನ್ನೇ ನೋಡುತ್ತಿದ್ದರು. "ವಿಭೂತಿನೂ ನೀವ ತುಂಬಿದ್ರೇನ್ರಿ?"

"ಹೌದ್ರಿ."

"ನಾ ದಿನಾ ಅದನ್ನ ಮುಟ್ಟಿ ಹಣಿಗಿ ಹಚ್ಕೋತಿದ್ದೆ." ಅವರು ಮುಖ ಆಚೆ ತಿರುಗಿಸಿದರು.

ಹಿಂದಿನ ಸಾಲಿನಿಂದ ವಯಸ್ಸಾದ ಹೆಂಗಸೊಬ್ಬಳು, "ಹಂಗಾರ ಮಾಡಿದವರು ಯಾರು?" ಎಂದಳು.

"ನುಜಹತ ಅಂತ. ಸವಣೂರಿನಾಕಿ."

"ಹೆಣ್ಮಗಳು?"

"ಹೌದವಾ."

ಕೋಣೆಯಲ್ಲಿ ಗುಸುಗುಸು ಎದ್ದಿತು. ತಂಬೂರಿ ಇಟ್ಟುಕೊಳ್ಳುವುದೋ ಹಿಂದಿರುಗಿಸುವುದೋ ಎಂಬ ವಾದ ಅರ್ಧ ತಾಸು ನಡೆಯಿತು. ಹಾರ್ಮೋನಿಯಂ ಹಿರಿಯರು ಬೇಡವೆಂದರು. ಹೆಂಗಸರು ಬೇಕೆಂದರು. ಕೊನೆಗೆ ಮಂಜುಳಾ, "ದುಡ್ಡು ಕೊಟ್ಟಾಕಿ ನಾನು. ದನಿ ನಂಗ ಸೇರೇತಿ. ಇಲ್ಲೇ ಇರ್ತೈತಿ. ಆದ್ರ ಮಾಡಿದಾಕಿ ಹೆಸರು ಕಾಣೂವಂಗ ಇರ್ಬೇಕು" ಎಂದರು.

ಮಂಡಳಿಯ ಕೋಣೆಯಲ್ಲಿ ಹೆಸರಿಲ್ಲದ ವಸ್ತುವೇ ಇಲ್ಲ. ಹಾರ್ಮೋನಿಯಂ ಮೇಲೆ, ತಬಲಾಗಳ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ, ಗೋಡೆಯ ಗಡಿಯಾರದ ಮೇಲೆ ಕೊಟ್ಟವರ ಹೆಸರನ್ನು ಕೆಂಪು ಬಣ್ಣದಲ್ಲಿ ಬರೆಯಿಸಿದ್ದಾರೆ. ಬರೆದವನು ತಾಳ ಹಾಕುವ ಅಸದ, ಊರಿನ ಪೇಂಟರ್. ಅವನು ಆಗಲೇ ಮನೆಗೆ ಓಡಿ ಎನಾಮೆಲ್ ಡಬ್ಬಿ, ಸಣ್ಣ ಕುಂಚ ತಂದ. ದಂಡಿಯ ಮೇಲೆ, ನಾನು ಎರಡು ವಾರ ಕುಳಿತು ತಂದ ಬಣ್ಣದ ಮೇಲೆ, ಅಂಗೈಯಗಲ ಜಾಗವನ್ನು ಬಟ್ಟೆಯಿಂದ ತಿಕ್ಕಿ ಒರೆಸಿದ. ಎನಾಮೆಲ್ ಆ ಪಾಲಿಶನ್ನು ತಿಂದುಹಾಕುತ್ತದೆ. ಹೇಳಲಿಲ್ಲ.

"ಪೂರಾ ಹೆಸರು ಹೇಳ್ರಿ ಸರ. ತಂದಿ ಹೆಸರು ಹಾಕ್ಬೇಕೋ, ಮನಿತನದ ಹೆಸರೋ? ಕೆಳಗ ಏನ ಬರೀಲಿ? ದಾನಿಗಳು ಅಂತ ಬರದ್ರ ತಪ್ಪಾಗ್ತೈತಿ. ಶಿಷ್ಯೆ ಅಂತ ನಿಮ್ಮ ಹೆಸರೂ ಸೇರಿಸ್ಲೇನು?"

ಬಾಯಿ ತೆರೆದೆ. ಅವಳ ಹೆಸರು ಹೇಗೆ ಬರೆಯಬೇಕೆಂದು ನನಗೆ ತಿಳಿಯದು. ಫೋನು ಹಚ್ಚಿದೆ. ಮೊದಲ ಸಲ ಎತ್ತಲಿಲ್ಲ. ಎಲ್ಲರೂ ಕಾಯುತ್ತ ಕುಳಿತರು, ಅಸದ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸುತ್ತಲೇ ಇದ್ದ. ಎರಡನೆಯ ಸಲ ಎತ್ತಿದಳು. ಹಿಂದೆ ಬಸ್ಸಿನ ಸದ್ದು. ಶಿಗ್ಗಾವಿಯಿಂದ ಮನೆಗೆ ಮರಳುತ್ತಿರಬೇಕು.

"ನುಜಹತ, ಇಲ್ಲೆ ಒಬ್ಬರು ನಿನ್ನ ಹೆಸರು ಕೇಳಾಕತ್ತಾರ" ಎಂದು ಫೋನನ್ನು ಅಸದನ ಕೈಗೆ ಕೊಟ್ಟೆ.

ನನಗೆ ಕೇಳಿಸಿದ್ದು ಅವನ ಮಾತು ಮಾತ್ರ. ಅವನು ಒಂದೊಂದನ್ನೂ ಗಟ್ಟಿಯಾಗಿ ಹೇಳಿ ಖಚಿತಪಡಿಸಿಕೊಳ್ಳುತ್ತಿದ್ದ. "ನುಜಹತ. ಜ ಮಾತ್ರ, ಒತ್ತಿಲ್ಲ. ಹೂಂ. ಮುಂದ? ಇಮಾಮಬಿ. ತಾಯಿ ಹೆಸರ? ಆತು. ಸವಣೂರು. ಕೆಳಗ ಏನ ಬರೀಲವಾ?"

ಅವನು ಸ್ವಲ್ಪ ಹೊತ್ತು ಕೇಳಿಸಿಕೊಂಡ. ಕುಂಚದ ತುದಿಯಿಂದ ಒಂದು ಕೆಂಪು ಹನಿ ನೆಲಕ್ಕೆ ಬಿದ್ದಿತು.

"ಮತ್ತ ನೀ ಹೊಲಿಗಿ ಕೆಲಸಕ್ಕ ಹೋಗ್ತಿ ಅಂದ್ರಲ್ಲ ಮಂಜುಳಾ ಅಕ್ಕಾರು?" ಎಂದ. ಮತ್ತೆ ಕೇಳಿಸಿಕೊಂಡ. ಬಳಿಕ ಫೋನನ್ನು ಭುಜ ಕಿವಿಗಳ ನಡುವೆ ಒತ್ತಿಕೊಂಡು, ಕೋಣೆಯತ್ತ ತಿರುಗಿ, "ತಂಬೂರಿ ಮಾಡಾಕಿ ಅಂತ ಬರೀಬೇಕಂತರಿ" ಎಂದು ಹೇಳಿ, ದಂಡಿಯ ಮೇಲೆ ಬಗ್ಗಿದ.